ಕಾರಿನ ತೂಕ ಇಳಿಸಿ, ಆದರೆ ಕಿಲೋ ಲೆಕ್ಕ ಹಾಕಿ

ಯಾವ ಭಾಗಕ್ಕೆ ಕೈ ಹಾಕುವ ಮುನ್ನವೂ ಲೆಕ್ಕ ಒಂದೇ: ಒಂದು ಕಿಲೋ ಇಳಿಸಲು ಎಷ್ಟು ಖರ್ಚು? 1000 ಕೆಜಿ ತೂಗುವ, 100 ಹಾರ್ಸ್‌ಪವರ್‌ನ ಕಾರಿನಿಂದ 50 ಕೆಜಿ ತೆಗೆದರೆ, ಪಿಕಪ್ ಮಟ್ಟಿಗೆ ಸುಮಾರು 5 ಹಾರ್ಸ್‌ಪವರ್ ಸೇರಿಸಿದಂತೆ. ಜತೆಗೆ ಬ್ರೇಕಿಗೂ ತಿರುವಿಗೂ ಅನುಕೂಲ. ಎಂಜಿನ್ ಟ್ಯೂನ್ ಮಾಡಿಸಿದರೆ ಇದು ಸಿಗದು.

ಡಿಕ್ಕಿಯಿಂದ ಶುರು ಮಾಡಿ. ಸ್ಟೆಪ್ನಿ, ಜಾಕ್, ಪಾನಾಗಳೇ 15ರಿಂದ 20 ಕೆಜಿ. ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ ಮಾತ್ರ ಇಳಿಸಿಡಿ. ದೂರದ ಪ್ರಯಾಣಕ್ಕೆ ಪಂಕ್ಚರ್ ಕಿಟ್ ಮತ್ತು ಏರ್ ಪಂಪ್ ಇರಲೇಬೇಕು. ಪೆಟ್ರೋಲ್ ಲೀಟರಿಗೆ ಸುಮಾರು ಮುಕ್ಕಾಲು ಕೆಜಿ, ಹಾಗಾಗಿ 20 ಲೀಟರ್ ಕಡಿಮೆಯಾದರೆ 15 ಕೆಜಿ ಹೋಯಿತು. ಆದರೆ ಟ್ಯಾಂಕ್ ತೀರಾ ಖಾಲಿಯಾದರೆ ಜೋರು ತಿರುವಿನಲ್ಲಿ ಇಂಧನ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಎಂಜಿನ್ ಮುಗ್ಗರಿಸುತ್ತದೆ.

ಹಿಂದಿನ ಸೀಟು ಕೆಲವೇ ಬೋಲ್ಟ್‌ಗಳ ಕೆಲಸ. ಮುಂದಿನ ಸೀಟು ಹಾಗಲ್ಲ. ಅದರಲ್ಲಿ ಏರ್‌ಬ್ಯಾಗ್, ಬೆಲ್ಟ್ ಬಿಗಿಯುವ ಸಾಧನ ಇರಬಹುದು. ಬ್ಯಾಟರಿಯ ನೆಗೆಟಿವ್ ಕಳಚಿ, ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದ ಮೇಲೇ ಸೀಟಿನಡಿಯ ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರ್ ಮುಟ್ಟಿ. ಕಳಚಿದ ಪ್ರತಿಯೊಂದನ್ನೂ ಲಗೇಜ್ ತಕ್ಕಡಿಗೆ ತೂಗುಹಾಕಿ ಬರೆದಿಡಿ. ಊಹೆಯ ತೂಕ ನಂಬಬೇಡಿ.

ನೆಲಕ್ಕೆ ಅಂಟಿಸಿದ ಡಾಂಬರಿನಂಥ ಶಬ್ದನಿರೋಧಕ ಹಾಳೆ ತೆಗೆಯಲು ಅದರ ಮೇಲೆ ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್ ಹರಡಿ. ಪೆಡಸಾದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಿರುಕುಬಿಟ್ಟು ಏಳುತ್ತದೆ. ದಪ್ಪ ಕೈಗವಸು ಹಾಕಿ, ಬಾಗಿಲೆಲ್ಲ ತೆರೆದಿಡಿ: ಅದರಿಂದೇಳುವ ಅನಿಲ ತಗ್ಗಿನಲ್ಲೇ ತುಂಬಿಕೊಂಡು ಉಸಿರುಗಟ್ಟಿಸುತ್ತದೆ. ನಿತ್ಯ ಓಡಿಸುವ ಕಾರಿಗೆ ಈ ಗೋಜು ಬೇಡ, ಸದ್ದು ಸಹಿಸಲಾಗದು.

ದುಡ್ಡು ಹಾಕುವುದಾದರೆ ಚಕ್ರಕ್ಕೆ ಹಾಕಿ. ಟೈರಿನ ಹೊರ ಅಂಚಿನ ಒಂದು ಕಿಲೋ ಪಿಕಪ್‌ನಲ್ಲಿ ಹತ್ತಿರತ್ತಿರ ಎರಡು ಕಿಲೋದಷ್ಟು ಭಾರ. ಅಲಾಯ್ ಅಂದಮಾತ್ರಕ್ಕೆ ಹಗುರವಲ್ಲ, ದೊಡ್ಡ ಅಳತೆಯದು ಕಂಪನಿಯ ಉಕ್ಕಿನ ಚಕ್ರಕ್ಕಿಂತ ಭಾರವಿರಬಹುದು. ತೂಕದ ಜತೆ ಲೋಡ್ ರೇಟಿಂಗ್, ಅಂದರೆ ಚಕ್ರ ಎಷ್ಟು ಭಾರ ಹೊರಬಲ್ಲದು ಎಂಬುದನ್ನೂ ನೋಡಿ ಕೊಳ್ಳಿ. ಕಾರ್ಬನ್ ಫೈಬರ್ ಬಾನೆಟ್ ಕಡೆಗಿರಲಿ, ಅದರ ಕಿಲೋ ಬಲು ದುಬಾರಿ.

ಬಾಗಿಲೊಳಗಿನ ಉಕ್ಕಿನ ಕಂಬಿ, ಬಂಪರ್ ಹಿಂದಿನ ತೊಲೆ, ಏರ್‌ಬ್ಯಾಗ್ ಇವನ್ನು ತೂಕ ಇಳಿಸಲೆಂದು ತೆಗೆಯಲೇಬೇಡಿ.

ಹಿಂಭಾಗ ಹಗುರಾದರೆ ಅಲ್ಲಿ ಕಾರು ಮೇಲೇಳುತ್ತದೆ. ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಎತ್ತರ ಮತ್ತೆ ಸರಿಪಡಿಸಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಕಾರಿನಲ್ಲಿ ಹಿಂದಿನ ಚಕ್ರ ಮೊದಲೇ ಲಾಕ್ ಆಗಿ ಬಾಲ ತಿರುಗಬಹುದು. ಖಾಲಿ ಜಾಗದಲ್ಲಿ ಕಡಿಮೆ ವೇಗದಲ್ಲಿ ಬ್ರೇಕ್ ಒತ್ತಿ ನೋಡಿಯೇ ರಸ್ತೆಗಿಳಿಸಿ.