ತಾರಸಿಗೆ ಸುಣ್ಣ ಬಳಿದ ಮೇಲೆ ನಿದ್ದೆ ಬಂತು

ಕಲಬುರಗಿಯಲ್ಲಿ ಮೇ ತಿಂಗಳು ಅಂದ್ರೆ 40 ಡಿಗ್ರಿ ದಾಟುವುದು ಮಾಮೂಲು. ರಜೆ ಬೇರೆ, ಮಕ್ಕಳು ದಿನವಿಡೀ ಮನೆಯಲ್ಲೇ. ನಮ್ಮದು ಮೇಲಿನ ಮಹಡಿ. ಹಗಲು ಹೇಗೋ ಕಳೆಯುತ್ತಿತ್ತು, ರಾತ್ರಿಯೇ ಕಷ್ಟ. ಹನ್ನೊಂದಾದರೂ ಫ್ಯಾನ್ ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು.

ಮೊದಲು ಕೂಲರ್ ತಂದೆ. ಎಸಿ ಥರ ಕಿಟಕಿ, ಬಾಗಿಲು ಎಲ್ಲ ಮುಚ್ಚಿಬಿಟ್ಟೆ! ಒಂದೇ ಗಂಟೆಗೆ ಮೈಯೆಲ್ಲ ಅಂಟಂಟು. ನೀರು ಆವಿಯಾದಾಗಲೇ ಗಾಳಿ ತಂಪಾಗುವುದು, ಆ ತೇವ ಹೊರಹೋಗಲು ದಾರಿ ಬೇಕಲ್ವಾ? ಕೂಲರನ್ನು ಕಿಟಕಿಗೆ ಹೊಂದಿಸಿ, ಎದುರಿನ ಕಿಟಕಿ ತುಸು ತೆರೆದೆ. ಸರಿಹೋಯ್ತು, ಆದರೆ ಪೂರ್ತಿ ಅಲ್ಲ.

ಒಂದು ರಾತ್ರಿ ಸ್ಟೂಲ್ ಹತ್ತಿ ಸೂರು ಮುಟ್ಟಿದೆ. ರೊಟ್ಟಿ ಹಂಚಿನ ಹಾಗಿತ್ತು. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ಮೇಲೆ ಕಕ್ಕುತ್ತಿದೆ!

ಮರುದಿನವೇ ಸುಣ್ಣದ ಕಲ್ಲು ತಂದು ಡ್ರಮ್ಮಿನಲ್ಲಿ ನೆನೆಹಾಕಿದೆ. ನೀರಿಗೆ ಬಿದ್ದೊಡನೆ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿ. ರಾತ್ರಿಯಿಡೀ ಆರಲು ಬಿಟ್ಟು, ಸೋಸಿ, ಸ್ವಲ್ಪ ಅಂಟು ಬೆರೆಸಿದೆ. ತಾರಸಿ ಚೆನ್ನಾಗಿ ಗುಡಿಸಿ ಎರಡು ಸಲ ಬಳಿದೆ. ಬಿಸಿಲಲ್ಲಿ ಬಳಿದರೆ ಬೇಗ ಒಣಗಿ ಪುಡಿ ಏಳುತ್ತದೆ, ಸಂಜೆಯೇ ಸರಿ. ಬೆನ್ನು ಮಾತ್ರ ಎರಡು ದಿನ ನೋಯಿತು.

ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಅಷ್ಟೇ ಗುಟ್ಟು. ಈಗ ಸೂರು ಬೆಚ್ಚಗಿರುತ್ತದೆ, ಸುಡುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ ಪರದೆ ಎಳೆಯುತ್ತೇವೆ, ಕತ್ತಲಾದ ಮೇಲೆ ಎಲ್ಲ ತೆರೆಯುತ್ತೇವೆ. ಮಳೆಗೆ ಸುಣ್ಣ ತೊಳೆದುಹೋಗುತ್ತದೆ. ಮುಂದಿನ ಮಾರ್ಚಿಗೆ ಮತ್ತೆ ಬಳಿಯಬೇಕು, ಆ ಸಲ ಮಕ್ಕಳ ಕೈಗೂ ಒಂದೊಂದು ಬ್ರಷ್.