ಚಿತ್ರದ ಬೆನ್ನು ನೋಡುವ ಕೆಲಸ

ಜರ್ಮನಿಯ ಒಂದು ಸಣ್ಣ ಹರಾಜು ಸಂಸ್ಥೆಯಲ್ಲಿ ನನ್ನ ಕೆಲಸ. ಮಾರಾಟಕ್ಕೆ ಬಂದ ಚಿತ್ರ ಮೊದಲು ಯಾರದಾಗಿತ್ತು, ಯಾರ್ಯಾರ ಕೈ ದಾಟಿ ಬಂತು ಅಂತ ಹುಡುಕಬೇಕು. ಮೊದಲ ದಿನ ಚಿತ್ರದ ಮುಂದೆ ಸುಮ್ನೆ ನೋಡುತ್ತಾ ನಿಂತಿದ್ದೆ. ಹಿರಿಯರೊಬ್ಬರು ಬಂದು ಅದನ್ನು ಮಗುಚಿ ಹಾಕಿದರು. ಮೊದಲು ಬೆನ್ನು, ಮುಖ ಆಮೇಲೆ ಅಂದರು.

ನನಗೆ ಅಜ್ಜಿಯ ಪಾತ್ರೆಗಳು ನೆನಪಾದವು. ನಮ್ಮ ಕಡೆ ಪಾತ್ರೆಯ ಕಂಠಕ್ಕೆ ಹೆಸರು ಕೊರೆಸುತ್ತಾರಲ್ವಾ? ಮದುವೆ ಮನೆಗೆ ಹೋದ ಕೊಳಗ ವಾಪಸ್ ಬರೋದೇ ಆ ಹೆಸರಿನಿಂದ. ಮ್ಯೂಸಿಯಂನವರು ಚಿತ್ರದ ಬೆನ್ನಿಗೆ ಚೀಟಿ ಅಂಟಿಸುತ್ತಾರೆ, ನಂಬರ್ ಬರೆಯುತ್ತಾರೆ. ಕದ್ದವನು ಮೊದಲು ಕೀಳೋದೂ ಅದನ್ನೇ.

1939ರಲ್ಲಿ ನಾಜಿಗಳು ಪೋಲೆಂಡ್ ಹಿಡಿದಾಗ ಮ್ಯೂಸಿಯಂಗಳನ್ನು ಪಟ್ಟಿ ಹಿಡಿದುಕೊಂಡೇ ದೋಚಿದರು. ಕ್ರಾಕೋವ್‌ನಿಂದ ಹೋದ ಲಿಯೊನಾರ್ಡೊ ಚಿತ್ರ 1946ರಲ್ಲಿ ಮರಳಿತು. ಜೊತೆಗೆ ಹೋದ ರಾಫೆಲ್ ಚಿತ್ರ ಇವತ್ತಿಗೂ ಪತ್ತೆ ಇಲ್ಲ. ಪೋಲೆಂಡ್ ಸರ್ಕಾರದ ಕಳೆದ ವಸ್ತುಗಳ ಪಟ್ಟಿಯಲ್ಲಿ 60 ಸಾವಿರಕ್ಕೂ ಹೆಚ್ಚು ನಮೂದುಗಳಿವೆ. ದೊಡ್ಡ ಹೆಸರಿನವು ಬಹಳ ಕಡಿಮೆ. ವಾರ್ಸಾದ ಮ್ಯೂಸಿಯಂನಿಂದ ಹೋಗಿದ್ದ, ಪೋಲೆಂಡಿನ ಚಿತ್ರಕಾರ ಗಿಯೆರಿಮ್‌ಸ್ಕಿಯ ಕಿತ್ತಳೆ ಮಾರುವವಳ ಚಿತ್ರ 2010ರಲ್ಲಿ ಹ್ಯಾಂಬರ್ಗ್ ಹತ್ತಿರದ ಒಂದು ಸಣ್ಣ ಊರಿನ ಹರಾಜಿಗೆ ಬಂದಿತ್ತು. ಮರುವರ್ಷ ಮನೆ ಸೇರಿತು. ನಮ್ಮಂಥ ಸಣ್ಣ ಅಂಗಡಿಗಳೇ ಇಂಥವು ಸಿಗುವ ಜಾಗ. ಹರಾಜಿಗೆ ಮುಂಚೆಯೇ ಸಿಗಬೇಕು. ಇಲ್ಲಿನ ಕಾನೂನಿನಲ್ಲಿ, ಕದ್ದ ಮಾಲೇ ಆದರೂ ಸಾರ್ವಜನಿಕ ಹರಾಜಿನಲ್ಲಿ ಗೊತ್ತಿಲ್ಲದೆ ಕೊಂಡವನು ಅದರ ಮಾಲೀಕನಾಗಿಬಿಡಬಹುದು.

ನಾನು ಎಡವಿದ್ದು ಒಂದು ಹಿಮದ ಚಿತ್ರದಲ್ಲಿ. ಒಬ್ಬ ವಯಸ್ಸಾದವರು ತಂದಿದ್ದರು. ಅವರ ಚಿಕ್ಕಮ್ಮನ ಮನೆಯಲ್ಲಿ ಇದ್ದದ್ದು. ಪೋಲೆಂಡಿನ ಪಟ್ಟಿಯಲ್ಲಿ ಅಂಥದ್ದೇ ಒಂದಿತ್ತು, ಮಸುಕಾದ ಕಪ್ಪು-ಬಿಳುಪು ಫೋಟೋ ಸಮೇತ. ಟೇಪ್ ಹಿಡಿದೆ. ನಮ್ಮದು ಎತ್ತರದಲ್ಲಿ 2 ಸೆಂಟಿಮೀಟರ್, ಅಗಲದಲ್ಲಿ 3 ಸೆಂಟಿಮೀಟರ್ ಕಡಿಮೆ. ಅಳತೆ ಹೊಂದಲ್ಲ, ಬೇರೆ ಚಿತ್ರ ಅಂತ ಬರೆದುಬಿಟ್ಟೆ. ಕ್ಯಾಟಲಾಗ್ ಅಚ್ಚಿಗೆ ಹೋಯಿತು.

ಎರಡು ದಿನ ಬಿಟ್ಟು ಯಾಕೋ ಸಮಾಧಾನ ಆಗದೆ ಮತ್ತೆ ಗೋದಾಮಿಗೆ ಹೋದೆ. ಟಾರ್ಚನ್ನು ಬದಿಯಿಂದ ಹಿಡಿದು ಅಂಚು ನೋಡಿದೆ. ಸಾಮಾನ್ಯವಾಗಿ ಮರದ ಪಟ್ಟಿಗೆ ಮಡಚಿ ಮೊಳೆ ಹೊಡೆಯುವ ಭಾಗದಲ್ಲಿ ಬಣ್ಣ ಇರೋದಿಲ್ಲ, ಬರೀ ಬಟ್ಟೆ. ಇಲ್ಲಿ ಹಿಮವೇ ಅಂಚು ದಾಟಿ ಮಡಚಿಕೊಂಡಿತ್ತು! ಮೊಳೆ ಹೊಡೆದದ್ದು ಬಣ್ಣದ ಮೇಲೇ. ಯಾರೋ ಚಿತ್ರವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಚಿಕ್ಕ ಚೌಕಟ್ಟಿಗೆ ಬಿಗಿದಿದ್ದರು. ಸಾಲದೆ ಬಂದ ಸೆಂಟಿಮೀಟರುಗಳೆಲ್ಲ ಬದಿಯಲ್ಲೇ ಇದ್ದವು.

ಬಾಸ್ ಹತ್ತಿರ ಹೋಗಿ ಹೇಳಿದೆ. ಬೈಗುಳ ತಪ್ಪಲಿಲ್ಲ, ಆದರೆ ಚಿತ್ರವನ್ನು ಹರಾಜಿನಿಂದ ತೆಗೆದರು. ವಾರ್ಸಾಗೆ ಬರೆದು ಆ ಫೋಟೋದ ದೊಡ್ಡ ಸ್ಕ್ಯಾನ್ ತರಿಸಿದೆ. ನಮ್ಮ ಚಿತ್ರದಲ್ಲಿ ಆಕಾಶದ ಎಡಮೂಲೆಯಲ್ಲಿ ಜೇಡರಬಲೆಯಂಥ ದುಂಡನೆ ಬಿರುಕು. ಹಿಂದಿನಿಂದ ಏನೋ ತಾಗಿದಾಗ ಬಣ್ಣ ಹೀಗೆ ಬಿಡುತ್ತದೆ. ಯುದ್ಧಕ್ಕೆ ಮುಂಚಿನ ಫೋಟೋದಲ್ಲೂ ಅದೇ ಬಿರುಕು, ಗೆರೆಗೆ ಗೆರೆ. ಹಿಮ, ಮರ, ಗುಡಿಸಲು ಯಾರು ಬೇಕಾದರೂ ನಕಲು ಮಾಡಬಹುದು. ಬಿರುಕನ್ನು ಹಾಗೆ ನಕಲು ಮಾಡೋದು ಆಗದ ಮಾತು.

2022ರಲ್ಲಿ ರಷ್ಯನ್ನರು ಉಕ್ರೇನಿನ ಖೆರ್ಸಾನ್‌ನ ಕಲಾ ಮ್ಯೂಸಿಯಂನಿಂದ 10 ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಲಾರಿಗೆ ತುಂಬಿ ಸಾಗಿಸಿದರು. ರಷ್ಯಾ ಹಿಡಿತದಲ್ಲಿರುವ ಕ್ರಿಮಿಯಾದ ಸಿಮ್ಫೆರೋಪೋಲ್‌ನಲ್ಲಿ ಅವನ್ನು ಇಳಿಸುತ್ತಿದ್ದ ಫೋಟೋಗಳನ್ನು ಹಿಡಿದು ಖೆರ್ಸಾನ್ ಮ್ಯೂಸಿಯಂ ಸಿಬ್ಬಂದಿ ಒಂದೊಂದಾಗಿ ಗುರುತು ಹಚ್ಚುತ್ತಿದ್ದಾರೆ. ನೋಡಿದಾಗೆಲ್ಲ ನನಗೆ ಆ ಟೇಪ್ ನೆನಪಾಗುತ್ತದೆ.

ಚಿತ್ರ ತಂದಿದ್ದವರು ಜಗಳ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ನಮ್ಮ ಚಿಕ್ಕಮ್ಮನಿಗೆ ಇದು ಗೊತ್ತಿತ್ತಾ?" ಬೆನ್ನಿನ ಮೇಲೆ ಅದಕ್ಕೆ ಉತ್ತರ ಇರಲಿಲ್ಲ. ಆ ಚಿಕ್ಕ ಚೌಕಟ್ಟಿನಲ್ಲೂ ಯಾವುದೋ ಚೀಟಿ ಕಿತ್ತ ಜಾಗದಲ್ಲಿ ಮರ ಆಯತಾಕಾರವಾಗಿ ಬೆಳ್ಳಗಿತ್ತು, ಅಷ್ಟೇ.

ಪೆಟ್ಟಿಗೆಗೆ ಹಾಕುವ ಮುಂಚೆ ಬೆನ್ನಿನ ಹನ್ನೆರಡು ಫೋಟೋ ತೆಗೆದೆ. ಮುಖದ್ದು ಒಂದೇ.