ಬಡಿಸುವುದು ಹೇಗೆ ಅಂತ ಮೊದಲು, ಅಡುಗೆ ಏನು ಅಂತ ಆಮೇಲೆ

ಮೊದಲ ಸಲ ಹಬ್ಬದ ರಾತ್ರಿ ಊಟಕ್ಕೆ 14 ಜನರನ್ನು ಮನೆಗೆ ಕರೆದಾಗ ಅಡುಗೆಯ ಬಗ್ಗೆ ಒಂದು ತಿಂಗಳು ಯೋಚಿಸಿದ್ದೆ. ಬಡಿಸುವುದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಎಲ್ಲರ ತಟ್ಟೆಯನ್ನೂ ಅಡುಗೆಮನೆಯಲ್ಲೇ ಚೆಂದವಾಗಿ ಜೋಡಿಸಿ ಒಬ್ಬೊಬ್ಬರ ಮುಂದೆ ತಂದಿಡಬೇಕು ಅಂತ ಆಸೆ. ಹೋಟೆಲಿನಲ್ಲಿ ಹಾಗೆ ತಂದಿಟ್ಟರೆ ಎಷ್ಟು ಚೆನ್ನಾಗಿರುತ್ತದೆ, ಅಲ್ವಾ?

ಒಂದು ತಟ್ಟೆಗೆ ನಾಲ್ಕು ಪದಾರ್ಥ ಹಾಕಿ, ಅಂಚು ಒರೆಸಿ, ಮೇಜಿಗೆ ಕೊಟ್ಟು ಬರಲು ಹೆಚ್ಚುಕಡಿಮೆ ಒಂದು ನಿಮಿಷ ಬೇಕು. 14 ತಟ್ಟೆಗೆ 14 ನಿಮಿಷ. ಮೊದಲ ತಟ್ಟೆ ಹೋಗಿದ್ದು ಅತ್ತೆಗೆ. ಎಲ್ಲರಿಗೂ ಬರಲಿ ಅಂತ ಅವರು ಕೈಕಟ್ಟಿ ಕೂತರು. ಕೊನೆಯ ತಟ್ಟೆ ಬರುವಷ್ಟರಲ್ಲಿ ಅವರ ಗ್ರೇವಿಯ ಮೇಲೆ ತೆಳ್ಳಗೆ ಪದರ ಕಟ್ಟಿತ್ತು. "ನೀನು ಯಾವಾಗ ಬಂದು ಕೂರ್ತೀಯಮ್ಮಾ?" ಅಂತ ಅವರು ಮೂರು ಸಲ ಕೇಳಿದರು. ನಾನು ಕೂರುವ ಹೊತ್ತಿಗೆ ಅರ್ಧ ಜನರ ಊಟ ಮುಗಿದಿತ್ತು. ಅತ್ತೆಯ ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ನೆಂಟರು ಬಂದಿದ್ದು ನಮ್ಮ ಜೊತೆ ಕೂತು ಊಟ ಮಾಡಲು ತಾನೇ?

ಆಮೇಲೆ ಪ್ರತಿ ವರ್ಷವೂ ಕರೆದಿದ್ದೇನೆ. ಒಮ್ಮೆ 8 ಜನ, ಒಮ್ಮೆ 22 ಜನ. ಈಗ ಅಡುಗೆಯ ಪಟ್ಟಿ ಬರೆಯುವ ಮೊದಲೇ ಬಡಿಸುವ ರೀತಿ ಯಾವುದು ಅಂತ ನಿಶ್ಚಯಿಸುತ್ತೇನೆ. ಏನು ಬೇಯಿಸಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ತೆಳ್ಳಗಿನ ಸೂಪನ್ನು ಕೈಯಿಂದ ಕೈಗೆ ದಾಟಿಸಲು ಆಗುವುದಿಲ್ಲ. ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುವವರಿಗೆ ಚಾಕುವಿನಿಂದ ಕೊಯ್ಯಬೇಕಾದ ಪದಾರ್ಥ ಕೊಡಬಾರದು. ಒಲೆಯಿಂದ ಇಳಿಸಿದ ಎರಡೇ ನಿಮಿಷಕ್ಕೆ ಮೆತ್ತಗಾಗುವ ಕರಿದ ತಿಂಡಿಯನ್ನು ಒಂದು ಗಂಟೆ ಮೇಜಿನ ಮೇಲೆ ಇಡಲು ಬರುವುದಿಲ್ಲ.

ನಾನು ಮಾಡಿದ್ದ ತಪ್ಪು ಏನು ಅಂತ ಸ್ವಲ್ಪ ಹಳೆಯ ಕಥೆ ಓದಿದಾಗ ಸರಿಯಾಗಿ ಅರ್ಥವಾಯಿತು. ಯುರೋಪಿನ ದೊಡ್ಡ ಮನೆತನಗಳಲ್ಲಿ ಹಿಂದೆ ಒಂದು ಸುತ್ತಿನ ಪದಾರ್ಥಗಳನ್ನೆಲ್ಲ ಒಟ್ಟಿಗೇ ಮೇಜಿನ ತುಂಬ ಇಡುತ್ತಿದ್ದರು. ಅದಕ್ಕೆ ಫ್ರೆಂಚ್ ರೀತಿ ಅನ್ನುತ್ತಾರೆ. 19ನೇ ಶತಮಾನದಲ್ಲಿ ಅದರ ಜಾಗಕ್ಕೆ ರಷ್ಯನ್ ರೀತಿ ಬಂತು. ಒಂದಾದ ಮೇಲೆ ಒಂದು ಪದಾರ್ಥವನ್ನು ಆಳುಗಳು ತಂದು ಬಡಿಸುವ ರೀತಿ ಅದು. ಊಟ ಬಿಸಿಬಿಸಿಯಾಗಿ ಸಿಗುತ್ತದೆ, ನಿಜ. ಆದರೆ ಅದಕ್ಕೆ ತುಂಬಾ ಕೈಗಳು ಬೇಕು. ನಮ್ಮ ಮನೆಯಲ್ಲಿ ಇದ್ದದ್ದು ನನ್ನ ಎರಡು ಕೈ, ಜೊತೆಗೆ ಬಾಗಿಲು ತೆರೆಯುತ್ತಾ ಓಡಾಡುತ್ತಿದ್ದ ನನ್ನ ಗಂಡನ ಎರಡು ಕೈ.

ತಟ್ಟೆ ಜೋಡಿಸಿ ಕೊಡುವುದನ್ನು ಈಗ ಆರು ಜನರೊಳಗೆ ಮಾತ್ರ ಮಾಡುತ್ತೇನೆ. ಆಗಲೂ ಒಬ್ಬರು ಹಾಕಬೇಕು, ಇನ್ನೊಬ್ಬರು ಒಯ್ಯಬೇಕು. ತಟ್ಟೆಗಳನ್ನು ಬಿಸಿನೀರಿನಲ್ಲಿ ಐದು ನಿಮಿಷ ಮುಳುಗಿಸಿ ಒರೆಸಿ ಇಟ್ಟುಕೊಂಡರೆ ಊಟ ಅಷ್ಟು ಬೇಗ ಆರುವುದಿಲ್ಲ. ದಪ್ಪ ಪಿಂಗಾಣಿ ತಟ್ಟೆ ತಣ್ಣಗಿದ್ದರೆ ಅದೇ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಸಲಾಡ್‌ನಂಥ ತಣ್ಣನೆಯದನ್ನು ಬೇರೆ ಪುಟ್ಟ ಬಟ್ಟಲಲ್ಲಿ ಮೊದಲೇ ಮೇಜಿನ ಮೇಲೆ ಇಟ್ಟುಬಿಡುತ್ತೇನೆ. ಆಗ ತಟ್ಟೆಗೆ ಹಾಕುವುದು ಎರಡೇ ಪದಾರ್ಥ.

ನನಗೆ ತುಂಬಾ ಇಷ್ಟವಾದದ್ದು ಬಟ್ಟಲುಗಳನ್ನು ಮೇಜಿನ ನಡುವೆ ಇಟ್ಟು ಕೈಯಿಂದ ಕೈಗೆ ದಾಟಿಸುವ ರೀತಿ. ಪಕ್ಕದವರಿಗೆ "ನಿಮಗೆ ಇನ್ನು ಸ್ವಲ್ಪ ಹಾಕ್ಲಾ?" ಅಂತ ಕೇಳುವಾಗಲೇ ಹೊಸಬರ ಮಧ್ಯೆ ಮಾತು ಶುರುವಾಗುತ್ತದೆ. ಬೇಕಾದ್ದನ್ನು ಬೇಕಾದಷ್ಟೇ ಹಾಕಿಕೊಳ್ಳಬಹುದು. ಊಟ ತನ್ನಿಚ್ಛೆ ಅಂತ ಗಾದೆಯೇ ಇದೆಯಲ್ಲ.

ಆದರೆ ಇದರಲ್ಲೂ ಒಂದು ಸಲ ಎಡವಿದೆ. ಅಗಲವಾದ ಗಾಜಿನ ಬಟ್ಟಲೊಂದು ಇತ್ತು, ನೋಡಲು ಬಹಳ ಚೆಂದ. ತುಂಬಿದರೆ ಮೂರು ಕೆಜಿ ತೂಗುತ್ತಿತ್ತು. ಅದು ಚಿಕ್ಕಮ್ಮನ ಕೈಗೆ ಬಂತು. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಹಾಕಿಕೊಳ್ಳಬೇಕು. ಅವರ ಮಣಿಕಟ್ಟು ನಡುಗುವುದು ಎದುರಿಗೆ ಕೂತಿದ್ದ ನನಗೆ ಕಂಡಿತು. ಅವರು ಏನೂ ಹೇಳಲಿಲ್ಲ. ಏನೂ ಹಾಕಿಕೊಳ್ಳಲೂ ಇಲ್ಲ. ಎರಡೂ ಕೈಯಲ್ಲಿ ಹಿಡಿದು ಪಕ್ಕದವರಿಗೆ ದಾಟಿಸಿಬಿಟ್ಟರು. ಅವರಿಗೆ ಇಷ್ಟ ಅಂತಲೇ ನಾನು ಮಾಡಿದ್ದ ಪದಾರ್ಥ ಅದು. ಎದ್ದು ಹೋಗಿ ಬಡಿಸಿದೆ. ಆದರೆ ಅಷ್ಟು ಹೊತ್ತು ಅವರು ಸಂಕೋಚಪಟ್ಟುಕೊಂಡಿದ್ದು ನನ್ನ ಬಟ್ಟಲಿನಿಂದಲೇ.

ಈಗ ಯಾವ ಬಟ್ಟಲನ್ನೂ ಮೇಜಿಗೆ ತರುವ ಮೊದಲು ತುಂಬಿಸಿ, ಎಡಗೈಯಲ್ಲಿ ಹಿಡಿದು ಹತ್ತು ಎಣಿಸುತ್ತೇನೆ. ತೋಳು ನೋಯದಿದ್ದರೆ ಅದು ದಾಟಿಸುವ ಬಟ್ಟಲು. ನೋವಾದರೆ ಎರಡು ಚಿಕ್ಕ ಬಟ್ಟಲಿಗೆ ಹಂಚುತ್ತೇನೆ. ಹೇಗಿದ್ದರೂ ಆರೇಳು ಜನಕ್ಕಿಂತ ಜಾಸ್ತಿ ಇದ್ದರೆ ಪ್ರತಿ ಪದಾರ್ಥಕ್ಕೂ ಎರಡು ಬಟ್ಟಲು ಬೇಕೇ ಬೇಕು, ಮೇಜಿನ ಒಂದೊಂದು ತುದಿಗೆ ಒಂದೊಂದು. ಎಲ್ಲವೂ ಒಂದೇ ದಿಕ್ಕಿಗೆ ಸಾಗಬೇಕು. ಇಲ್ಲದಿದ್ದರೆ ಒಬ್ಬರ ಹತ್ತಿರ ಮೂರು ಬಟ್ಟಲು ಸೇರಿಕೊಳ್ಳುತ್ತವೆ, ಇನ್ನೊಬ್ಬರು ಬರೀ ತಟ್ಟೆ ನೋಡುತ್ತಾ ಕೂರುತ್ತಾರೆ. ಸೌಟಿನ ಹಿಡಿ ಬಟ್ಟಲಿಗಿಂತ ತುಂಬಾ ಉದ್ದ ಇರಬಾರದು, ದಾಟಿಸುವಾಗ ಮಗುಚಿ ಮೇಜಿನ ಬಟ್ಟೆಯ ಮೇಲೆ ಬೀಳುತ್ತದೆ. ಸುಡುವ ಪಾತ್ರೆ ಮಾತ್ರ ಯಾರ ಕೈಗೂ ಹೋಗುವುದಿಲ್ಲ. ಅದು ನನ್ನ ಮುಂದೆ ಇರುತ್ತದೆ, ತಟ್ಟೆಗಳೇ ನನ್ನ ಬಳಿ ಬರುತ್ತವೆ.

ಜಾಗವನ್ನೂ ಲೆಕ್ಕ ಹಾಕಬೇಕು. ಒಬ್ಬರು ಆರಾಮಾಗಿ ಕೂತು ಉಣ್ಣಲು ಮೇಜಿನ ಅಂಚಿನಲ್ಲಿ ಸುಮಾರು 60 ಸೆಂಟಿಮೀಟರ್ ಬೇಕು. ತಟ್ಟೆ, ಲೋಟ ಇಟ್ಟ ಮೇಲೆ ನಡುವೆ ಎಷ್ಟು ಉಳಿಯುತ್ತದೆ ಅಂತ ನೋಡಿದರೆ ಬಟ್ಟಲು ಎಷ್ಟು ಹಿಡಿಯುತ್ತವೆ ಅಂತ ತಿಳಿಯುತ್ತದೆ. ನಮ್ಮ ಮೇಜಿನ ನಡುವೆ ಆರು ಬಟ್ಟಲು ಹಿಡಿಯುತ್ತವೆ. ಪ್ರತಿಯೊಂದೂ ಎರಡೆರಡು ಅಂದರೆ ಮೂರೇ ಪದಾರ್ಥ. ಮೊದಲು ನಾನು ಏಳು ಬಗೆ ಮಾಡುತ್ತಿದ್ದೆ. ಮೂರಕ್ಕೆ ಇಳಿಸಿದ ವರ್ಷ ಯಾರೂ "ಕಮ್ಮಿ ಆಯ್ತು" ಅನ್ನಲಿಲ್ಲ.

22 ಜನ ಬಂದಾಗ ಬಫೆ ಬಿಟ್ಟು ದಾರಿ ಇರಲಿಲ್ಲ. ಬಫೆ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಲಭವಾಗುವುದು ಮೇಜು ಸರಿಯಾಗಿ ನಿಂತಾಗ ಮಾತ್ರ. ನಾನು ಜಾಗ ಉಳಿಯಲಿ ಅಂತ ಮೇಜನ್ನು ಗೋಡೆಗೆ ತಾಗಿಸಿದ್ದೆ. ಒಂದೇ ಸಾಲು, ಅದೂ ಬಾಗಿಲ ತನಕ. ಮೊದಲಿನವರು ಎರಡನೇ ಸಲ ಹಾಕಿಕೊಳ್ಳಲು ಬಂದಾಗ ಕೊನೆಯವರು ಇನ್ನೂ ಕಾಯುತ್ತಿದ್ದರು. ಊಟದ ಮಧ್ಯೆಯೇ ನಾಲ್ಕು ಜನ ಸೇರಿ ಮೇಜನ್ನು ಗೋಡೆಯಿಂದ ಒಂದು ಮೀಟರ್ ಈಚೆಗೆ ಎಳೆದೆವು. ಎರಡೂ ಕಡೆಯಿಂದ ಜನ ಬಂದರು, ಸಾಲು ನೋಡನೋಡುತ್ತಲೇ ಕರಗಿತು. ಎರಡೂ ಕಡೆಗೆ ಒಂದೊಂದು ಸೌಟು ಇಟ್ಟಿರಬೇಕು, ಅಷ್ಟೇ.

ತಟ್ಟೆಗಳು ಸಾಲಿನ ಶುರುವಿನಲ್ಲಿ ಇರಬೇಕು. ಚಮಚ, ಫೋರ್ಕ್, ನ್ಯಾಪ್ಕಿನ್ ಕೊನೆಯಲ್ಲಿ. ಮೊದಲೇ ಕೈಗೆ ಬಂದರೆ ಅವನ್ನೂ ತಟ್ಟೆಯನ್ನೂ ಹಿಡಿದು ಸೌಟು ಎತ್ತಲು ಕೈ ಉಳಿಯುವುದಿಲ್ಲ. ನೀರು, ಪಾನೀಯ ಬೇರೆ ಮೂಲೆಯಲ್ಲಿ, ಬೇರೆ ಮೇಜಿನ ಮೇಲೆ. ಕುಡಿಯಲು ನಿಂತವರು ಅಲ್ಲೇ ಮಾತಿಗೆ ನಿಲ್ಲುತ್ತಾರೆ, ಅದು ಸಹಜ. ಆ ಮಾತು ಊಟದ ಸಾಲನ್ನು ತಡೆಯಬಾರದು. ಪ್ರತಿ ಪಾತ್ರೆಯ ಪಕ್ಕದಲ್ಲೂ ಒಂದು ಚಿಕ್ಕ ತಟ್ಟೆ ಇಡುತ್ತೇನೆ, ಸೌಟು ಇಡಲು. ಇಲ್ಲದಿದ್ದರೆ ಸೌಟು ಪಾತ್ರೆಯೊಳಗೆ ಜಾರುತ್ತದೆ, ಇಲ್ಲಾ ಮೇಜಿನ ಮೇಲೆ ಬೀಳುತ್ತದೆ. ಇನ್ನೊಂದು ಮಾತು. "ಬನ್ನಿ, ಹಾಕಿಕೊಳ್ಳಿ" ಅಂತ ಎಲ್ಲರಿಗೂ ಒಟ್ಟಿಗೆ ಹೇಳಿದರೆ ಯಾರೂ ಏಳುವುದಿಲ್ಲ. ಮೊದಲು ಯಾರು ಅಂತ ಎಲ್ಲರಿಗೂ ಸಂಕೋಚ. ಸಲಿಗೆಯಿರುವ ಒಬ್ಬರ ಕೈಗೆ ತಟ್ಟೆ ಕೊಟ್ಟು ಶುರುಮಾಡಿಸಿ, ಉಳಿದವರು ತಾವೇ ಬರುತ್ತಾರೆ.

ವಯಸ್ಸಾದವರನ್ನು, ಮಗುವನ್ನು ಎತ್ತಿಕೊಂಡವರನ್ನು ಸಾಲಿನಲ್ಲಿ ನಿಲ್ಲಿಸುವುದು ನನಗೆ ಹಿಡಿಸುವುದಿಲ್ಲ. ಅವರನ್ನು ಕೂರಿಸಿ, ಏನು ಬೇಕು ಅಂತ ಕೇಳಿ ತಂದುಕೊಡುತ್ತೇವೆ. ನಮ್ಮ ಮನೆಯಲ್ಲಿ ಇದು ದೊಡ್ಡ ಮಕ್ಕಳ ಕೆಲಸ. ತುಂಬಾ ಇಷ್ಟಪಟ್ಟು ಮಾಡುತ್ತಾರೆ.

ಹೊತ್ತು ಎಷ್ಟಾಯಿತು ಅನ್ನುವುದರ ಮೇಲೂ ಕಣ್ಣಿರಬೇಕು. ಬೇಯಿಸಿದ ಆಹಾರವನ್ನು ಕೋಣೆಯ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ. ಈ ಎರಡರ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಅನ್ನದ ವಿಷಯದಲ್ಲಿ ನಾನು ಇನ್ನೂ ಎಚ್ಚರ. ಬೇಯಿಸಿದರೂ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿಯಲ್ಲಿ ಇರುತ್ತವೆ. ಅನ್ನ ಹೊರಗೇ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಹಾಗಾಗಿ ದೊಡ್ಡ ಪಾತ್ರೆಯನ್ನು ಮೇಜಿಗೆ ತರುವುದನ್ನೇ ಬಿಟ್ಟೆ. ಅದು ಸಣ್ಣ ಉರಿಯಲ್ಲಿ ಒಲೆಯ ಮೇಲೆ, ಇಲ್ಲಾ ಹಾಟ್‌ಬಾಕ್ಸಿನಲ್ಲಿ ಇರುತ್ತದೆ. ಮೇಜಿಗೆ ಚಿಕ್ಕ ಪಾತ್ರೆ. ಖಾಲಿಯಾದರೆ ಅದನ್ನು ತೆಗೆದು, ಬೇರೆ ಪಾತ್ರೆಯಲ್ಲಿ ಬಿಸಿಯದನ್ನು ತರುತ್ತೇನೆ. ಉಳಿದದ್ದರ ಮೇಲೇ ಹೊಸದನ್ನು ಸುರಿಯುವುದಿಲ್ಲ. ಕೊನೆಗೆ ಬಂದವರಿಗೂ ತುಂಬಿದ, ಹೊಗೆಯಾಡುವ ಪಾತ್ರೆಯೇ ಸಿಗುತ್ತದೆ. ಕೆದಕಿದ ತಳ ಯಾರಿಗೂ ಕಾಣುವುದಿಲ್ಲ.

ಕರೆಯುವಾಗಲೇ "ನಿಮಗೆ ಯಾವುದಾದರೂ ಒಗ್ಗುವುದಿಲ್ಲವಾ?" ಅಂತ ಕೇಳುತ್ತೇನೆ. ನಮ್ಮ ನೆಂಟರಲ್ಲಿ ಒಬ್ಬ ಹುಡುಗನಿಗೆ ಕಡಲೆಕಾಯಿ ಆಗುವುದೇ ಇಲ್ಲ. ಅವನು ಬರುವ ದಿನ ಕಡಲೆಕಾಯಿ ಮನೆಯ ಅಡುಗೆಗೇ ಬರುವುದಿಲ್ಲ. ಬೇರೆ ಪಾತ್ರೆಯಲ್ಲಿ ಇಟ್ಟರೆ ಸಾಕು ಅಂದುಕೊಳ್ಳಬಾರದು. ಗುಂಪಿನಲ್ಲಿ ಸೌಟುಗಳು ಅದಲುಬದಲಾಗುತ್ತವೆ. ಮಿಕ್ಕವರಿಗೆ ತಿಳಿಯಲಿ ಅಂತ ಪ್ರತಿ ಪದಾರ್ಥದ ಮುಂದೆ ಏನೇನು ಹಾಕಿದೆ ಅಂತ ಚೀಟಿ ಇಡುತ್ತೇನೆ.

ಆ ಚೀಟಿಗಳು ಇನ್ನೊಂದು ಕೆಲಸಕ್ಕೂ ಬರುತ್ತವೆ. ಹಿಂದಿನ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಖಾಲಿ ಪಾತ್ರೆಗಳನ್ನೆಲ್ಲ ಮೇಜಿನ ಮೇಲೆ ಅವವುಗಳ ಜಾಗದಲ್ಲಿ ಇಡುತ್ತೇನೆ. ಒಂದೊಂದರಲ್ಲಿ ಒಂದೊಂದು ಚೀಟಿ, ಪಕ್ಕದಲ್ಲಿ ಅದರದೇ ಸೌಟು. ಆಮೇಲೆ ಕೈಯಲ್ಲಿ ಖಾಲಿ ತಟ್ಟೆ ಹಿಡಿದು ನೆಂಟರಂತೆ ಒಂದು ಸುತ್ತು ನಡೆಯುತ್ತೇನೆ. ಒಂದು ಸೌಟು ಕಮ್ಮಿ ಇರುವುದು, ಕುರ್ಚಿ ದಾರಿಗೆ ಅಡ್ಡ ಬರುವುದು, ಬಿಸಿ ಪಾತ್ರೆಯ ಕೆಳಗೆ ಮಣೆ ಇಲ್ಲದಿರುವುದು ಆಗಲೇ ಗೊತ್ತಾಗುತ್ತದೆ. ಮಾರನೇ ದಿನ ಯಾರು ಸಹಾಯಕ್ಕೆ ಬಂದರೂ ನನ್ನನ್ನು ಕೇಳಬೇಕಿಲ್ಲ. ಯಾವುದು ಯಾವುದರಲ್ಲಿ ಅಂತ ಚೀಟಿಯೇ ಹೇಳುತ್ತದೆ.

ಈಗ ಹತ್ತು ಹನ್ನೆರಡು ಜನಕ್ಕೆ ನಾನು ಬಡಿಸುವ ಈ ಮೂರು ರೀತಿಯನ್ನೂ ಬೆರೆಸುತ್ತೇನೆ. ಎಲ್ಲರೂ ಕೂರುವ ಮೊದಲೇ ಪ್ರತಿಯೊಬ್ಬರ ಜಾಗದಲ್ಲಿ ತಣ್ಣನೆಯ ಒಂದು ಪುಟ್ಟ ತಟ್ಟೆ ಇರುತ್ತದೆ. ಅದನ್ನು ತಿನ್ನುತ್ತಾ ಎಲ್ಲರೂ ಒಟ್ಟಿಗೆ ಶುರುಮಾಡುತ್ತೇವೆ, ನಾನೂ ಸೇರಿ. ಮುಖ್ಯ ಊಟ ಬಟ್ಟಲುಗಳಲ್ಲಿ ಬರುತ್ತದೆ. ನಾನು ಏಳುವುದು ಎರಡೇ ಸಲ, ಬಟ್ಟಲು ತರಲು ಒಂದು, ಬದಲಿಸಲು ಒಂದು. ಸಿಹಿ ಮತ್ತು ಹಣ್ಣು ಪಕ್ಕದ ಮೇಜಿನಲ್ಲಿ. ಅಷ್ಟು ಹೊತ್ತಿಗೆ ಎಲ್ಲರಿಗೂ ಎದ್ದು ಓಡಾಡಬೇಕು ಅನಿಸಿರುತ್ತದೆ. ಕೊನೆಯವರ ಊಟ ಮುಗಿಯುವ ತನಕ ಯಾರ ತಟ್ಟೆಯನ್ನೂ ಎತ್ತುವುದಿಲ್ಲ. ನಿಧಾನವಾಗಿ ಉಣ್ಣುವವರು ಒಬ್ಬರಾದರೂ ಇರುತ್ತಾರೆ, ಅವರನ್ನು ಅವಸರ ಮಾಡಬಾರದು.

ನಮ್ಮ ಮನೆಯಲ್ಲಿ ನಿಧಾನವಾಗಿ ಉಣ್ಣುವವರು ಅತ್ತೆ. ಕಳೆದ ಹಬ್ಬದಲ್ಲಿ ಅವರ ಬಲಗಡೆಯ ಕುರ್ಚಿ ನನ್ನದಾಗಿತ್ತು. ಬಟ್ಟಲು ಸುತ್ತಿ ಅವರ ಕೈಗೆ ಬಂತು. ತಾವು ಹಾಕಿಕೊಂಡರು. ನನ್ನ ತಟ್ಟೆ ನೋಡಿದರು. ಕೇಳದೆಯೇ ಎರಡು ಸೌಟು ಬಡಿಸಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟರು.